ಮೂರು ರಾತ್ರಿ ನಿದ್ದೆ ಇಲ್ಲ ಅಂದ್ರೆ ಗಾಳಿ ಸೋಕಿದ್ದಲ್ಲ

ಮೆತ್ ಅಂದ್ರೆ ಮೆತಾಂಫೆಟಮೈನ್, ನಿದ್ದೆ ಕೆಡಿಸುವ ಮಾದಕವಸ್ತು. ಅದು ಬೆರೆತ ಬಾಂಗ್ಲಾದೇಶದ ಯಾಬಾ ಗುಳಿಗೆ, ಮ್ಯಾನ್ಮಾರ್ ಗಡಿ ದಾಟಿ ಮಿಜೋರಾಂಗೆ ಬರುವ ಮೆತ್ ಬಗ್ಗೆ ಒಂದು ಲೇಖನದಲ್ಲಿ ಓದಿದೆ. ದೂರದ ಮಾತು ಅಂದುಕೊಳ್ಳಬೇಡಿ. ವಿಜಯಪುರದ ನಮ್ಮ ಓಣಿಯಲ್ಲೇ ಕಂಡಿದ್ದೇನೆ.

ಕಾಕಾನ ಮಗ ಪುಣೆಯಿಂದ ಊರಿಗೆ ಬಂದವನು ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ಮಿಕ್ಸರ್ ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು. ಕಾಕು ಬಡಿದ ರೊಟ್ಟಿ ತಾಟಿನಲ್ಲೇ ಒಣಗುತ್ತಿತ್ತು. ಗೋಡೆಯಾಚೆ ಯಾರೋ ತನ್ನ ಬಗ್ಗೆ ಮಾತಾಡ್ತಾರೆ ಅಂತ ಕಿವಿ ಹಚ್ಚಿ ಕೂರುತ್ತಿದ್ದ. ಗಾಳಿ ಸೋಕಿದೆ ಅಂತ ನಿಂಬೆಹಣ್ಣು ಇಳಿಸಿದೆವು. ಜನ ಏನಂತಾರೋ ಅಂತ ಬಾಗಿಲು ಹಾಕಿಕೊಂಡೆವು. ಎರಡು ತಿಂಗಳು ಸುಮ್ನೆ ಹೋಯ್ತು. ಆ ಎರಡು ತಿಂಗಳು ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಕೊನೆಗೆ ಧಾರವಾಡದಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಇದು ಗಾಳಿಯಲ್ಲ, ಮೆತ್ ಚಟ ಅಂತ ಗೊತ್ತಾಯ್ತು. ಮೆತ್ ಚಟ ಬಿಡಿಸಲು ಅಂತಲೇ ಮಾನ್ಯತೆ ಪಡೆದ ಗುಳಿಗೆ ಇಲ್ಲವಂತೆ. ಆಪ್ತಸಮಾಲೋಚನೆ, ಮನೆಯವರ ತಾಳ್ಮೆ ಇವೇ ಜಾಸ್ತಿ ಬೇಕು.

ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಮುಚ್ಚಿಡಬೇಡಿ. ತಾನಾಗಿ ಮಾನ್ಯತೆ ಇರುವ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಮುಗಿಸುವ ವ್ಯಸನಿಗೆ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ 1985ರ ಮಾದಕವಸ್ತು ತಡೆ ಕಾಯ್ದೆಯ (ಎನ್‌ಡಿಪಿಎಸ್) 64ಎ ಕಲಂ ರಕ್ಷಣೆ ಕೊಡುತ್ತದೆ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಫೋನಿಗೆ ದುಡ್ಡಿಲ್ಲ. ಕಾಕು ಈಗ ಆ ನಂಬರ್ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದಾರೆ, ಬಂದವರು ಓದಲಿ ಅಂತ.