ಎಲ್ಲ ಬಲ್ಲವನಿಗೊಂದು ಅರ್ಜಿ

ದ್ವಿತೀಯ ಪಿಯುಸಿ ಫಲಿತಾಂಶ ಬರುವ ದಿನ ಬೆಳಿಗ್ಗೆ ಎಂಟಕ್ಕೆಲ್ಲ ದೊಡ್ಡಮ್ಮ ಬುಟ್ಟಿಯಲ್ಲಿ ತೆಂಗಿನಕಾಯಿ, ಎರಡು ಬಾಳೆಹಣ್ಣು, ಒಂದು ಹಿಡಿ ಗರಿಕೆ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಮೊಮ್ಮಗನಿಗೆ ಫಿಸಿಕ್ಸ್ ಕೈಕೊಟ್ಟಿತ್ತು. ಅದು ಮಾರ್ಚ್ ತಿಂಗಳ ಮಾತು. ಉತ್ತರ ಪತ್ರಿಕೆ ಯಾವುದೋ ಊರಿಗೆ ಹೋಗಿ, ಯಾರೋ ಮೇಷ್ಟರ ಕೆಂಪು ಶಾಯಿ ಮೈಗೆ ಹಚ್ಚಿಕೊಂಡು, ಅಂಕವೆಲ್ಲ ಕಂಪ್ಯೂಟರಿನ ಹೊಟ್ಟೆ ಸೇರಿ ಎಷ್ಟೋ ದಿನವಾಗಿತ್ತು. ಹನ್ನೊಂದು ಗಂಟೆಗೆ ಪರದೆ ಸರಿಸುವುದಷ್ಟೇ ಬಾಕಿ. ದೊಡ್ಡಮ್ಮ ಮಾತ್ರ, "ಅಷ್ಟರೊಳಗೆ ಒಂದು ಅರ್ಚನೆ ಆಗಿಬಿಡಲಿ, ಸ್ಕೂಟರ್ ತೆಗಿ" ಅಂದರು.

ಗಣಪತಿ ಗುಡಿಯಲ್ಲಿ ಅರ್ಚಕರು ಚೀಟಿ ಇಸಿದುಕೊಂಡು ಎಂದಿನಂತೆ ಕೇಳಿದರು: "ಹೆಸರು? ಗೋತ್ರ? ನಕ್ಷತ್ರ?" ದೊಡ್ಡಮ್ಮ ಒಂದೊಂದನ್ನೂ ಬಿಡಿಸಿ ಹೇಳಿದರು. ಆಮೇಲೆ ಸಂಕಲ್ಪ ಶುರುವಾಯಿತು. ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗ, ಪ್ರಥಮ ಪಾದ, ಜಂಬೂದ್ವೀಪ, ಭರತವರ್ಷ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ತೀರ. ಅಲ್ಲಿಂದ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ನನಗೆ ಶಾಲೆಯಲ್ಲಿ ರಜಾ ಅರ್ಜಿ ಬರೆದದ್ದು ನೆನಪಾಗುತ್ತದೆ. ಎಡಗಡೆ ‘ಇಂದ’, ಕೆಳಗೆ ‘ಗೆ’, ಸ್ಥಳ, ದಿನಾಂಕ. ಮೇಷ್ಟರು ಎದುರಿಗೇ ಕೂತಿದ್ದರೂ ವಿಳಾಸ ಬಿಡುವಂತಿರಲಿಲ್ಲ. ಅಮೆರಿಕದ ದೇವಸ್ಥಾನಗಳಲ್ಲಿ ಪುರೋಹಿತರು ಕ್ರೌಂಚದ್ವೀಪೇ, ರಮಣಕವರ್ಷೇ, ಐಂದ್ರಖಂಡೇ ಎಂದು ವಿಳಾಸ ಬದಲಿಸಿ ಹೇಳುವುದುಂಟು. ಎಲ್ಲವನ್ನೂ ಬಲ್ಲವನಿಗೆ ಭಕ್ತ ವಲಸೆ ಹೋದದ್ದು ಗೊತ್ತಿಲ್ಲದೆ ಇದ್ದೀತೆ? ಆದರೂ ಹೇಳಬೇಕು.

ಮನೆಗೆ ಬರುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ದೊಡ್ಡಮ್ಮ, ಅಂಕ ಆಗಲೇ ಬಿದ್ದಾಗಿದೆ. ಈಗ ಕೇಳಿದರೆ ದೇವರು ಏನು ಮಾಡೋಕಾಗುತ್ತೆ?"

"ನಾನು ಇವತ್ತು ಬಂದು ಕೇಳ್ಕೋತೀನಿ ಅಂತ ಅವನಿಗೆ ಮಾರ್ಚಿನಲ್ಲೇ ಗೊತ್ತಿರಲಿಲ್ವೇನೋ?"

ಸ್ಕೂಟರ್ ನಿಧಾನ ಮಾಡಿದೆ. "ಗೊತ್ತಿದ್ದರೆ ಇವತ್ತು ಬರದೇ ಇದ್ದರೂ ಆಗ್ತಿತ್ತಲ್ಲ?"

"ಬರದೇ ಇದ್ದಿದ್ರೆ, ಇವಳು ಬರಲ್ಲ ಅಂತಲೂ ಗೊತ್ತಿರ್ತಿತ್ತಲ್ಲ! ಮುಂದೆ ನೋಡ್ಕೊಂಡು ಓಡಿಸು."

ಈ ಮಾತಿಗೆ ಎದುರು ಮಾತು ಇವತ್ತಿನವರೆಗೂ ನನಗೆ ಹೊಳೆದಿಲ್ಲ. ಪಂಡಿತರು ದೇವರಿಗೆ ಸರ್ವಜ್ಞ, ಸತ್ಯಸಂಕಲ್ಪ (ಎಣಿಸಿದ್ದು ಎಂದೂ ಹುಸಿಯಾಗದವನು) ಎಂಬ ಎರಡು ದೊಡ್ಡ ಮಾತು ಇಟ್ಟುಕೊಂಡು ತಲೆ ಕೆಡಿಸಿಕೊಂಡದ್ದು ಇದೇ ಗಂಟಿಗೆ. ಅವನು ಮನಸ್ಸು ಬದಲಿಸಿದರೆ ಮೊದಲಿನ ಮನಸ್ಸು ತಪ್ಪಾಗಿತ್ತು ಅಂತಾಯಿತು. ಬದಲಿಸದಿದ್ದರೆ ನಾವು ಒಡೆದ ಕಾಯಿಗಳ ಲೆಕ್ಕ ಯಾರಿಗೆ ಕೇಳೋಣ? ಬ್ರಹ್ಮಸೂತ್ರದಲ್ಲಿ ದೇವರಿಗೆ ಪಕ್ಷಪಾತವೂ ಇಲ್ಲ, ಕ್ರೌರ್ಯವೂ ಇಲ್ಲ, ಅವನು ಜೀವಿಗಳ ಕರ್ಮವನ್ನು ನೋಡಿಕೊಂಡು ಕೊಡುತ್ತಾನೆ ಎನ್ನುವ ಸೂತ್ರವಿದೆ. ಅದಕ್ಕೆ ಶಂಕರರು ಕೊಟ್ಟ ಹೋಲಿಕೆ ಮಳೆಯದು. ಮಳೆ ಎಲ್ಲ ಬೆಳೆಗೂ ಒಂದೇ. ಭತ್ತ ಭತ್ತವಾಗಿ, ಜವೆ ಜವೆಯಾಗಿ ಬರುವುದು ಬೀಜದ ಗುಣದಿಂದ. ಒಳ್ಳೆಯ ಹೋಲಿಕೆ. ಆದರೆ ಮಳೆಯೇ ಬಾರದ ವರ್ಷ ಏನು ಮಾಡಬೇಕು ಎಂದು ಕೇಳುವವನು ರೈತ.

ಅವನು ಕಪ್ಪೆಗೆ ಮದುವೆ ಮಾಡುತ್ತಾನೆ. 2019ರ ಜೂನ್‌ನಲ್ಲಿ ಮುಂಗಾರು ತಡವಾದಾಗ ಉಡುಪಿಯಲ್ಲಿ ಹಾಗೊಂದು ಮದುವೆ ನಡೆಯಿತು. ಅದೇ ವರ್ಷ ಜುಲೈನಲ್ಲಿ ಭೋಪಾಲದವರೂ ಮಾಡಿದರು. ಅಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಅದೇ ಜನ ಕೂಡಿ ಕಪ್ಪೆಗಳಿಗೆ ವಿಚ್ಛೇದನ ಕೊಡಿಸಿದರು. ಪತ್ರಿಕೆಯಲ್ಲಿ ಓದಿ ನಕ್ಕಿದ್ದೆ. ಕೊಟ್ಟ ಅರ್ಜಿಯನ್ನು ವಾಪಸ್ ಪಡೆಯುವುದಕ್ಕೂ ಒಂದು ಕ್ರಮ ಇರಬೇಕೆಂದು ಯೋಚಿಸಿದ ಅವರ ಶಿಸ್ತು ಮಾತ್ರ ನನಗೆ ಹಿಡಿಸಿತು.

ನನ್ನ ತಾತ ಶಾನುಭೋಗರಾಗಿದ್ದವರು. ಲೆಕ್ಕದ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ಕೆರೆದು ಅಳಿಸಿದವರಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಬಲತುದಿಯ ಷರಾ ಎಂಬ ಅಂಕಣದಲ್ಲಿ ಸಣ್ಣಗೆ ಒಂದು ಸಾಲು ಬರೆಯುತ್ತಿದ್ದರು. ಗದ್ದೆ ಯಾರ ಹೆಸರಿಗಿದ್ದರೂ ಸರಿ, ಊರಿನ ಅರ್ಧ ವ್ಯವಹಾರ ನಡೆಯುತ್ತಿದ್ದದ್ದು ಷರಾದಲ್ಲೇ. ನಮ್ಮ ಪುರಾಣದ ದೇವರು ನನಗೆ ಅವರ ಹಾಗೇ ಕಾಣುತ್ತಾನೆ.

ಮಾರ್ಕಂಡೇಯನನ್ನೇ ನೋಡಿ. ಗುಣವಂತ ಮಗ ಬೇಕಾದರೆ ಹದಿನಾರೇ ವರ್ಷ ಎಂದು ಶಿವ ಮೊದಲೇ ಹೇಳಿದ್ದ. ಹದಿನಾರು ತುಂಬಿತು, ಯಮ ಪಾಶ ಬೀಸಿದ, ಹುಡುಗ ಲಿಂಗವನ್ನು ತಬ್ಬಿಕೊಂಡ, ಶಿವ ಎದ್ದು ಬಂದು ಯಮನನ್ನು ಒದ್ದ. ಮನಸ್ಸು ಬದಲಾಯಿತು ಅನ್ನೋಣವೇ? ಕಥೆಯ ಕೊನೆ ಕೇಳಿ: ಹುಡುಗ ಚಿರಂಜೀವಿ, ಎಂದೆಂದಿಗೂ ಹದಿನಾರು ವರ್ಷದವನು. ಬರೆದ ಅಂಕಿ ಇದ್ದಲ್ಲೇ ಇದೆ! ಸಾವಿತ್ರಿಯದೂ ಇದೇ ಜಾಣತನ. ಗಂಡನ ಪ್ರಾಣವೊಂದನ್ನು ಬಿಟ್ಟು ಏನು ಬೇಕಾದರೂ ಕೇಳು ಎಂದ ಯಮನ ಹತ್ತಿರ ಅವಳು ಸತ್ಯವಾನನಿಂದ ನೂರು ಮಕ್ಕಳಾಗಲಿ ಎಂದು ಕೇಳಿಕೊಂಡಳು. ತಥಾಸ್ತು ಅಂದಮೇಲೆ ಯಮ ಸಿಕ್ಕಿಬಿದ್ದದ್ದು ತನ್ನ ಮಾತಿಗೇ. ಸಾವಿನ ಪುಸ್ತಕದಲ್ಲೂ ಷರಾ ಬರೆಯುವಷ್ಟು ಜಾಗ ಖಾಲಿ ಬಿಟ್ಟವರು ಯಾರು? ಮರೆತು ಬಿಟ್ಟದ್ದಂತೂ ಇರಲಾರದು.

ಉಡುಪಿಗೆ ಹೋದಾಗೆಲ್ಲ ಈ ಯೋಚನೆ ಇನ್ನಷ್ಟು ಗಟ್ಟಿಯಾಗುತ್ತದೆ. ಹರಿಯೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಅವನ ಅಧೀನ ಎಂದು ಸಾರಿದ ಮಧ್ವಾಚಾರ್ಯರು ನಿಲ್ಲಿಸಿದ ಕೃಷ್ಣ ಅಲ್ಲಿರುವುದು. ಅವನನ್ನು ಯಾರೂ ಅಲುಗಿಸುವಂತಿಲ್ಲ. ಅದೇ ಗುಡಿಯಲ್ಲಿ, ಹೊರಗೆ ನಿಂತು ಹಾಡಿದ ಕನಕದಾಸರಿಗಾಗಿ ಗೋಡೆ ಬಿರುಕು ಬಿಟ್ಟು ಕೃಷ್ಣ ಪಶ್ಚಿಮಕ್ಕೆ ತಿರುಗಿದ ಎಂಬ ಕಥೆಯನ್ನೂ ಹೇಳುತ್ತಾರೆ. ಕನಕನ ಕಿಂಡಿಯ ಮುಂದೆ ಕೈ ಮುಗಿಯದೆ ಹೋಗುವವರಿಲ್ಲ. ಪಾಠದಲ್ಲಿ ಅಲುಗದ ದೇವರು, ಕಥೆಯಲ್ಲಿ ಭಕ್ತನ ಕಡೆ ತಿರುಗಿ ನಿಂತ ದೇವರು. ಒಂದೇ ಗುಡಿ, ಒಂದೇ ಪ್ರಸಾದ. ಜಗಳವಾದದ್ದನ್ನು ನಾನಂತೂ ಕಂಡಿಲ್ಲ. ಅವನು ಮನಸ್ಸು ಬದಲಿಸಿದನೋ ಇಲ್ಲವೋ, ಮುಖ ತಿರುಗಿಸಿದ ಅನ್ನುವಷ್ಟು ಜನರಿಗೆ ಸಾಕಾಗಿದೆ.

ಹನ್ನೊಂದು ಹೊಡೆಯಿತು. ಪುಟ ತೆರೆದುಕೊಳ್ಳುವಷ್ಟರಲ್ಲಿ ಹನ್ನೊಂದೂವರೆ. ಫಿಸಿಕ್ಸ್‌ನಲ್ಲಿ ಐವತ್ತೆಂಟು. ಪಾಸು, ಆದರೆ ಹುಡುಗನ ಲೆಕ್ಕಕ್ಕೆ ಹದಿನೈದು ಕಡಿಮೆ. ಅವನು ಮುಖ ಊದಿಸಿಕೊಂಡು, "ಉತ್ತರ ಪತ್ರಿಕೆ ತರಿಸಿ ನೋಡಿ ಮರುಮೌಲ್ಯಮಾಪನಕ್ಕೆ ಹಾಕ್ತೀನಿ" ಅಂದ.

"ಹಾಗಂದ್ರೆ?"

"ದುಡ್ಡು ಕಟ್ಟಿ ಕೇಳಿದ್ರೆ ಇನ್ನೊಂದ್ಸಲ ನೋಡ್ತಾರೆ, ಅಜ್ಜಿ."

"ಕೊಟ್ಟ ನಂಬರ್ ಬದಲಾಯಿಸ್ತಾರಾ?"

"ಬದಲಾಯಿಸಿದ್ರೂ ಬದಲಾಯಿಸಬಹುದು."

ದೊಡ್ಡಮ್ಮ ನನ್ನ ಕಡೆ ಒಂದು ನೋಟ ಬೀರಿದರು. ಏನೂ ಅನ್ನಲಿಲ್ಲ. ಬುಟ್ಟಿಯಿಂದ ಬೆಳಗಿನ ಅರ್ಚನೆ ಚೀಟಿ ತೆಗೆದು, ಬೆನ್ನು ಕಡೆ ತಿರುಗಿಸಿ, ಪೆನ್ನು ಕೇಳಿದರು. "ನಿನ್ನ ರಿಜಿಸ್ಟರ್ ನಂಬರ್ ಹೇಳು. ನಾಳೆ ಗೋತ್ರ ನಕ್ಷತ್ರದ ಜೊತೆ ಇದನ್ನೂ ಹೇಳಿಸ್ತೀನಿ. ಒಂದೇ ಹೆಸರಿನ ಹುಡುಗರು ಎಷ್ಟು ಜನ ಇರ್ತಾರೋ ಏನೋ."