ನೆಪೋಲಿಯನ್ನನ ಜೇನುಹುಳ

ಪ್ಯಾರಿಸ್ ನೋಡಿ ಬಂದವರ ಫೋಟೋಗಳಲ್ಲಿ ಹದ್ದು, ಲಾರೆಲ್ ಎಲೆಯ ಹಾರ, 'ಎನ್' ಅಕ್ಷರ ಇದ್ದೇ ಇರುತ್ತವೆ. ಕೆಳಗೆ "ಎಂಥಾ ವೈಭವ!" ಅಂತ ಕಾಮೆಂಟುಗಳು. ವೈಭವವೇನೋ ಹೌದು. ಆದರೆ ಇವೆಲ್ಲ ನೆಪೋಲಿಯನ್ ಒಂದೇ ವರ್ಷದಲ್ಲಿ, ಅವಸರದಲ್ಲಿ ಆರಿಸಿದ ಗುರುತುಗಳು. ಆರಿಸಿದವನ ಕಷ್ಟ ಏನಿತ್ತು ಅಂತ ತಿಳಿದುಕೊಂಡು ನೋಡಬೇಕು ಅನ್ನೋದು ನನ್ನ ಆಸೆ.

1804ರ ಮೇ ತಿಂಗಳಲ್ಲಿ ನೆಪೋಲಿಯನ್ ಚಕ್ರವರ್ತಿಯಾದ. ಕಾರ್ಸಿಕಾ ದ್ವೀಪದ ಸಾಧಾರಣ ಮನೆತನದವನು. ಫ್ರಾನ್ಸ್ ತನ್ನ ರಾಜನ ತಲೆ ಕಡಿದು ಆಗಿನ್ನೂ ಹನ್ನೊಂದು ವರ್ಷ. ಆ ರಾಜನ ವಂಶವಾದ ಬೂರ್ಬನ್ನರ ಲಿಲಿ ಹೂವನ್ನು ಮುಟ್ಟುವಂತಿರಲಿಲ್ಲ. ಕ್ರಾಂತಿಯವರ ಕೆಂಪು ಟೋಪಿ ಚಕ್ರವರ್ತಿಗೆ ಒಪ್ಪುವುದಿಲ್ಲ. ಜೂನ್‌ನಲ್ಲಿ ಅವನ ಸಲಹಾ ಮಂಡಳಿ ಇದನ್ನೇ ಚರ್ಚೆ ಮಾಡಿತು. ಹುಂಜ, ಆನೆ, ಸಿಂಹ ಎಲ್ಲದರ ಹೆಸರೂ ಬಂತು. ಹುಂಜಕ್ಕೆ ಬಲ ಇಲ್ಲ ಅಂತ ಅವನೇ ಬೇಡ ಅಂದ. ಸಿಂಹ ಅಂತ ತೀರ್ಮಾನವಾದ ಮೇಲೂ ಅದನ್ನು ಹೊಡೆದುಹಾಕಿ, ರೆಕ್ಕೆ ಬಿಚ್ಚಿದ ಹದ್ದು ಅಂತ ಬರೆಸಿದ. ರೋಮನ್ ಸೈನ್ಯದ ಮುಂದೆ ಸಾಗುತ್ತಿದ್ದ ಹಕ್ಕಿ ಅದು.

ಹದ್ದಿಗಿಂತ ಜೇನುಹುಳದ ಕತೆ ನನ್ನನ್ನು ಜಾಸ್ತಿ ಕಾಡುತ್ತದೆ. 1653ರಲ್ಲಿ ಈಗಿನ ಬೆಲ್ಜಿಯಂನ ಟೂರ್ನೇ ಊರಿನಲ್ಲಿ ನೆಲ ಅಗೆಯುವಾಗ ಫ್ರಾನ್ಸಿಗೆ ಹೆಸರು ಕೊಟ್ಟ ಫ್ರಾಂಕ್ ಜನರ 5ನೇ ಶತಮಾನದ ದೊರೆ ಶಿಲ್ಡೆರಿಕ್‌ನ ಗೋರಿ ಸಿಕ್ಕಿತು. ಒಳಗೆ ಬಂಗಾರದ ಪುಟ್ಟ ಹುಳಗಳು, ಸುಮಾರು 300. ಒಂದೊಂದೂ ಉಗುರಿನಷ್ಟು. ರೆಕ್ಕೆಯಲ್ಲಿ ಕೆಂಪು ಹರಳು ಕೂರಿಸಿದ್ದು. 1831ರ ಕಳ್ಳತನದ ನಂತರ ಉಳಿದಿರುವುದು ಎರಡೇ. ಅವು ಜೇನೋ ಜೀರುಂಡೆಯೋ ಅನ್ನುವ ವಾದವೂ ಇದೆ. ನೆಪೋಲಿಯನ್ನನಿಗೆ ಅದೆಲ್ಲ ಯಾಕೆ ಬೇಕು? ಬೂರ್ಬನ್ನರಿಗಿಂತ, ಮಧ್ಯಯುಗದ ಚಕ್ರವರ್ತಿ ಶಾರ್ಲಮೇನನಿಗಿಂತಲೂ ಹಳೆಯದು, ಅಷ್ಟು ಸಾಕಿತ್ತು. ತನಗೆ ಇಲ್ಲದ ವಂಶವನ್ನು ಗೋರಿಯಿಂದ ಎತ್ತಿ ತಂದುಕೊಂಡ.

ಡಿಸೆಂಬರ್ 2ರಂದು ನೋತ್ರ್ ದಾಮ್ ಚರ್ಚಿನಲ್ಲಿ ಪಟ್ಟಾಭಿಷೇಕ. ಕಡುಗೆಂಪು ಮಖಮಲ್ಲಿನ ನಿಲುವಂಗಿಯ ತುಂಬಾ ಬಂಗಾರದ ಜೇನುಹುಳ. ತಲೆ ಮೇಲೆ ಸೀಸರ್‌ಗಳ ಹಾಗೆ ಬಂಗಾರದ ಎಲೆಗಳು. 'ಶಾರ್ಲಮೇನನ ಕಿರೀಟ' ಅಂತ ಕರೆದದ್ದು ಆಗಷ್ಟೇ ಮಾಡಿಸಿದ್ದು, ಹಳೆಯದು ಕ್ರಾಂತಿಯಲ್ಲಿ ಹಾಳಾಗಿತ್ತು. ಪೋಪ್ 7ನೇ ಪಯಸ್ ರೋಮಿನಿಂದ ಬಂದಿದ್ದರೂ ನೆಪೋಲಿಯನ್ ಕಿರೀಟವನ್ನು ತಾನೇ ತಲೆಗೆ ಇಟ್ಟುಕೊಂಡ. ದಾವಿದ್ ಅನ್ನುವ ಕಲಾವಿದ ಬರೆದ ಪಟ್ಟಾಭಿಷೇಕದ ದೊಡ್ಡ ಚಿತ್ರದಲ್ಲಿ ನೆಪೋಲಿಯನ್ನನ ತಾಯಿ ನಟ್ಟನಡುವೆ ಕೂತಿದ್ದಾಳೆ. ಆಕೆ ಅವತ್ತು ಅಲ್ಲಿಗೆ ಬಂದೇ ಇರಲಿಲ್ಲ.

ಭಾರಿ ಜಾಣ ಅಂತ ಹೊಗಳಿ ಸುಮ್ನಾಗಲು ನನಗೆ ಆಗುವುದಿಲ್ಲ. ಮೂರು ದಿನ ಬಿಟ್ಟು ರೆಜಿಮೆಂಟುಗಳಿಗೆ ಕಂಚಿನ ಹದ್ದುಗಳನ್ನು ಹಂಚಿದರು. ಸುಮಾರು ಎರಡು ಕಿಲೋ ತೂಕದ, ಬಂಗಾರದ ನೀರು ಕೊಟ್ಟ ಹಕ್ಕಿ. ಜೀವ ಹೋದರೂ ಇದನ್ನು ಬಿಡುವುದಿಲ್ಲ ಅಂತ ಸಿಪಾಯಿಗಳಿಂದ ಆಣೆ ಮಾಡಿಸಿದರು. ಮುಂದಿನ ಹತ್ತು ವರ್ಷ ಎಷ್ಟೋ ಹುಡುಗರು ಆ ಹದ್ದಿನ ಹಿಂದೆ ನಡೆದು ವಾಪಸ್ ಬರಲೇ ಇಲ್ಲ.

ಜೇನಿಗೆ ಇನ್ನೊಂದು ಅರ್ಥವನ್ನೂ ಹಚ್ಚಿದ್ದರು. ಒಬ್ಬ ಒಡೆಯ, ಅವನ ಕೆಳಗೆ ಸಂತೋಷವಾಗಿ ದುಡಿಯುವ ಜನ. ಇಲ್ಲಿ ನನಗೆ ಸಿಟ್ಟು ಬರುತ್ತದೆ. 1794ರಲ್ಲಿ ಕ್ರಾಂತಿ ರದ್ದು ಮಾಡಿದ್ದ ಗುಲಾಮಗಿರಿಯನ್ನು ಇದೇ ನೆಪೋಲಿಯನ್ 1802ರಲ್ಲಿ ಮತ್ತೆ ಕಾನೂನು ಮಾಡಿದ. ಕೆರಿಬಿಯನ್ ಸಮುದ್ರದಲ್ಲಿದ್ದ ಫ್ರೆಂಚ್ ವಸಾಹತು ಗ್ವಾಡಲೂಪ್ ದ್ವೀಪದ ಕಬ್ಬಿನ ತೋಟಗಳಿಗೆ, ಬಿಡುಗಡೆ ಕಂಡಿದ್ದ ಜನರನ್ನು ಸೈನ್ಯ ಕಳಿಸಿ ವಾಪಸ್ ತಳ್ಳಿದ. ಅಲ್ಲಿ ಲೂಯಿ ದೆಲ್ಗ್ರೆ ಅನ್ನುವ ಅಧಿಕಾರಿ ಎದುರು ನಿಂತ. ಸುತ್ತುವರಿದಾಗ ಶರಣಾಗದೆ ಮೇ 28ರಂದು ತನ್ನವರ ಜೊತೆ ಸಿಡಿಮದ್ದಿಗೆ ಬೆಂಕಿ ಇಟ್ಟುಕೊಂಡು ಸತ್ತ. ಎರಡು ವರ್ಷದ ನಂತರ ಅದೇ ಒಡೆಯನ ಮೈಮೇಲೆ ದುಡಿಮೆಯ ಗುರುತು ಹೊಳೆಯಿತು!

1814ರಲ್ಲಿ ಬೂರ್ಬನ್ನರು ವಾಪಸ್ ಬಂದಾಗ ಜೇನು, ಹದ್ದು ಎಲ್ಲ ತೆಗೆಸಿ ಮತ್ತೆ ಲಿಲಿ ಹಾಕಿಸಿದರು. ಪ್ಯಾರಿಸ್ಸಿನ ವಾಂದೋಮ್ ಚೌಕದ ಕಂಬದ ಮೇಲಿದ್ದ ನೆಪೋಲಿಯನ್ ಪ್ರತಿಮೆಯನ್ನೂ ಇಳಿಸಿದರು. ಆ ಕಂಬಕ್ಕೆ ಹೊದಿಸಿದ್ದ ಕಂಚು ಯುದ್ಧದಲ್ಲಿ ಕಿತ್ತುಕೊಂಡ ಫಿರಂಗಿಗಳದ್ದು. 1871ರಲ್ಲಿ ಪ್ಯಾರಿಸ್ಸಿನ ಜನರೇ ಅದನ್ನು ಉರುಳಿಸಿದರು, ಸರ್ಕಾರ ಮತ್ತೆ ನಿಲ್ಲಿಸಿತು.

ದೆಲ್ಗ್ರೆಯ ಹೆಸರಿನ ಫಲಕ ದೇಶದ ದೊಡ್ಡವರನ್ನು ಗೌರವಿಸುವ ಪ್ಯಾರಿಸ್ಸಿನ ಸ್ಮಾರಕ ಪಾಂತಿಯಾನ್‌ಗೆ ಬಂದಿದ್ದು 1998ರಲ್ಲಿ. ವಿಜಯ ಕಮಾನು ನೋಡಲು ಹೋಗುವ ಗೆಳೆಯರು ದಯವಿಟ್ಟು ಅಲ್ಲಿಗೂ ಹೋಗಿ. ಆ ಫಲಕದ ಫೋಟೋ ಕೂಡ ಹಾಕಿ, ಜೊತೆಗೆ ಎರಡು ಸಾಲು ಬರೆಯಿರಿ.