ರಾಜ್ಯ ಹೆದ್ದಾರಿಗೆ ಇಂಧನ ತೆರಿಗೆಯ ಪಾಲನ್ನು ಮೀಸಲಿಟ್ಟು, ಖರ್ಚನ್ನು ಜನರ ಮುಂದೆ ತೀರ್ಮಾನಿಸಬೇಕೇ?

ಪರ

ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ ಶೇ 29.84ಕ್ಕೆ ಏರಿತು, ಡೀಸೆಲ್ ಮೇಲಿನ ತೆರಿಗೆ ಅದೇ ತಿಂಗಳು ಶೇ 18.44ಕ್ಕೂ, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೂ ಮುಟ್ಟಿತು. ಬಂಕ್‌ನಲ್ಲಿ ಹಣ ತೆತ್ತವರು ಈ ಹೆಚ್ಚಳದಲ್ಲಿ ತಮ್ಮ ಊರಿನ ರಸ್ತೆಗೆ ಬಂದುದೆಷ್ಟು ಎಂದು ಕೇಳಿದರೆ ಯಾವ ಕಚೇರಿಯೂ ಉತ್ತರಿಸಲಾರದು, ಏಕೆಂದರೆ ಆ ಹಣ ರಾಜ್ಯದ ಸಂಚಿತ ನಿಧಿಯನ್ನು ಸೇರಿ ಸಂಬಳ, ಪಿಂಚಣಿ, ಸಾಲದ ಬಡ್ಡಿಗಳ ನಡುವೆ ಗುರುತು ಸಿಗದಂತೆ ಬೆರೆತಿರುತ್ತದೆ.

ಮೀಸಲು ನಿಧಿ ನಮಗೆ ಹೊಸದಲ್ಲ. ದೇಶದ ರಸ್ತೆಗಳ ಅಭಿವೃದ್ಧಿಯನ್ನು ಪರಿಶೀಲಿಸಿದ ಜಯಕರ್ ಸಮಿತಿಯ ಶಿಫಾರಸಿನ ಮೇಲೆ 1929ರಲ್ಲಿಯೇ ಪೆಟ್ರೋಲ್ ಸುಂಕದ ಒಂದಂಶದಿಂದ ಕೇಂದ್ರ ರಸ್ತೆ ನಿಧಿ ಹುಟ್ಟಿತು. 2000ದಲ್ಲಿ ಅದಕ್ಕೆ ಪ್ರತ್ಯೇಕ ಕಾಯ್ದೆಯ ಬಲ ದೊರೆಯಿತು. ರಾಜ್ಯವೂ ಅಂಥದೇ ನಿಧಿಯನ್ನು ಮಾಡಿದರೆ, ಬಜೆಟ್ ಬಿಗಿಯಾದಾಗಲೆಲ್ಲ ಮೊದಲು ಕತ್ತರಿ ಬೀಳುವ ದುರಸ್ತಿ ಕೆಲಸಕ್ಕೆ ವರ್ಷವರ್ಷವೂ ಖಚಿತವಾದ ಹಣವಿರುತ್ತದೆ.

ಆದರೆ ನಿಧಿಯಷ್ಟೇ ಸಾಲದು. ಪಡುಬಿದ್ರಿ–ಕಾರ್ಕಳ ರಾಜ್ಯ ಹೆದ್ದಾರಿಯಲ್ಲಿ ಟೋಲ್ ಗೇಟ್ ಹಾಕಲು ಹೊರಟಾಗ ಸುತ್ತಲಿನ ಜನ ಬೀದಿಗಿಳಿದರು. ತೀರ್ಮಾನವಾದ ಮೇಲೆ ತಿಳಿಸುವುದನ್ನೇ ಸಮಾಲೋಚನೆ ಎಂದು ಕರೆದರೆ ಪ್ರತಿಭಟನೆಯಲ್ಲದೆ ಬೇರೇನು ಬಂದೀತು? ಲೋಕೋಪಯೋಗಿ ಇಲಾಖೆಯ ಕ್ರಿಯಾ ಯೋಜನೆ ಅಂಗೀಕಾರವಾಗುವ ಮೊದಲೇ ತಾಲ್ಲೂಕುವಾರು ಕಾಮಗಾರಿಗಳ ಪಟ್ಟಿಯನ್ನು, ವಾಹನ ಸಂಚಾರದ ಎಣಿಕೆ ಮತ್ತು ಅಂದಾಜು ವೆಚ್ಚದೊಡನೆ ಪ್ರಕಟಿಸಿ, ಅಹವಾಲು ಸಭೆಯಲ್ಲಿ ಬಂದ ಆಕ್ಷೇಪಗಳಿಗೆ ಲಿಖಿತ ಉತ್ತರ ಕೊಡುವುದು ಕಡ್ಡಾಯವಾಗಬೇಕು. ಆಗ ಯಾವ ರಸ್ತೆ ಶಾಸಕರ ಒತ್ತಡದಿಂದ ಪಟ್ಟಿ ಸೇರಿತು, ಯಾವುದು ನಿಜವಾಗಿ ಹಾಳಾಗಿತ್ತು ಎಂಬುದಾದರೂ ಬಯಲಾಗುತ್ತದೆ.

ವಿರೋಧ

ಕೇಂದ್ರ ನಿಧಿಯ ಕಥೆಯನ್ನು ಪೂರ್ತಿ ಹೇಳಬೇಕು. 2018ರಲ್ಲಿ ಅದರ ಹೆಸರು ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಎಂದಾಯಿತು. ರಸ್ತೆಗೆಂದಿದ್ದ ಹಣ ಇತರ ಮೂಲಸೌಕರ್ಯಗಳಿಗೂ ಹರಿಯಲು ದಾರಿಯಾಯಿತು. ಮೀಸಲು ಎಂಬ ಬೀಗದ ಕೀಲಿ ಶಾಸನಸಭೆಯ ಜೇಬಿನಲ್ಲೇ ಇರುವಾಗ ಅದನ್ನು ಭದ್ರತೆ ಎನ್ನುವುದು ಕಷ್ಟ.

ಇದಕ್ಕಿಂತ ದೊಡ್ಡ ತೊಡಕು ನ್ಯಾಯದ್ದು. ರಸ್ತೆಯ ಸವೆತ ಅಚ್ಚಿನ ಮೇಲಿನ ಭಾರದ ಸರಿಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಆ ಪ್ರಕಾರ ಸ್ಕೂಟರಿನಿಂದ ಡಾಂಬರಿಗೆ ಆಗುವ ಹಾನಿ ಇಲ್ಲವೆನ್ನುವಷ್ಟು ಕಡಿಮೆ, ಮಿತಿಮೀರಿ ಮರಳು ಹೇರಿದ ಟಿಪ್ಪರಿನಿಂದ ಆಗುವುದು ಅಪಾರ. ಹೀಗಿದ್ದೂ ಹೆಚ್ಚಿನ ತೆರಿಗೆ ದರವಿರುವುದು ಸ್ಕೂಟರಿಗೆ ಬೇಕಾದ ಪೆಟ್ರೋಲಿನ ಮೇಲೆ. ಹೊಲ ಉಳುವ ಟ್ರ್ಯಾಕ್ಟರಿನ ಡೀಸೆಲ್ ಹೆದ್ದಾರಿಯನ್ನು ಕಾಣದೆಯೇ ಉರಿದುಹೋದರೂ ಅದರ ಮೇಲಿನ ತೆರಿಗೆಯೂ ಇದೇ ನಿಧಿಗೆ ಸೇರುತ್ತದೆ. ವಿದ್ಯುತ್ ಕಾರಿನ ಮಾಲೀಕರು ಮಾತ್ರ ಈ ಲೆಕ್ಕದಿಂದ ಹೊರಗೇ ಉಳಿಯುತ್ತಾರೆ. ಅಮೆರಿಕದಲ್ಲಿ 1919ರಲ್ಲಿ ಮೊದಲಿಗೆ ಇಂಧನ ತೆರಿಗೆ ಹಾಕಿದ ಓರೆಗಾನ್ ರಾಜ್ಯವೇ, ಆ ಆದಾಯ ಕುಗ್ಗುವುದನ್ನು ಮುಂಗಂಡು, ಓಡಿದ ಮೈಲಿಗೆ ಶುಲ್ಕ ಪಡೆಯುವ ಐಚ್ಛಿಕ ಯೋಜನೆಯನ್ನು 2015ರಲ್ಲಿ ಆರಂಭಿಸಿತು.

ಅಹವಾಲು ಸಭೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಕೆಲಸದ ದಿನ ತಾಲ್ಲೂಕು ಕಚೇರಿಯಲ್ಲಿ ನಡೆಯುವ ಸಭೆಗೆ ಗುತ್ತಿಗೆದಾರರ ಕಡೆಯವರು ತಪ್ಪದೆ ಬರುತ್ತಾರೆ, ಕೂಲಿ ಕಳೆದುಕೊಂಡು ಬರುವವರು ವಿರಳ. ಭಾರಕ್ಕೆ ತಕ್ಕ ವಾಹನ ತೆರಿಗೆ, ಕ್ವಾರಿಯ ಬಾಗಿಲಲ್ಲೇ ತೂಕದ ತಪಾಸಣೆ, ಮಿತಿಮೀರಿದ ಹೊರೆಗೆ ತಪ್ಪದ ದಂಡ, ಇವು ರಸ್ತೆಯನ್ನು ಕೆಡಿಸುವವರಿಂದಲೇ ಅದರ ಖರ್ಚನ್ನು ವಸೂಲು ಮಾಡುತ್ತವೆ. ಇದಕ್ಕೆ ಹೊಸ ನಿಧಿಯೂ ಬೇಡ, ಹೊಸ ಸಮಿತಿಯೂ ಬೇಡ.